ಅರ್ಶಿಯಾನ ಕೈ ಅಳತಿ

ನಮ್ಮ ಮನಿಗೂ ಗುಡುಸಾಬನ ಮನಿಗೂ ನಡಬರಕ ಒಂದ ಗ್ವಾಡಿ. ಆ ಕಡಿ ಯಾರರ ಸೀನಿದ್ರ ಈ ಕಡಿಂದ ನಾನು "ತುಳಸಿ ಹಾಕಿ ಚಾ ಕುಡೀರಿ" ಅಂತೇನಿ. ತಾರಾಬಾಯಿ ಗ್ವಾಡಿಗೆ ಕಿವಿ ಹಚ್ಚಿ ಕೇಳ್ತಾಳ ಅಂತ ಓಣ್ಯಾಗ ಮಂದಿ ಆಡ್ಕೋತಾರ. ಖರೇ ಹೇಳ್ತೇನಿ, ನಾ ಏನ ಕಿವಿ ಹಚ್ಚೂದಿಲ್ಲ. ನಮ್ಮ ಗ್ಯಾಸಿನ ಒಲಿ ಆ ಗ್ವಾಡಿಗೇ ಹತ್ತಿ ಐತಿ. ಮುಂಜಾನೆ ಹಾಲ ಕಾಯಿಸಾಕ ನಿಂತ್ರ ಕಿವಿ ತಾನ ಹೋಗಿ ಹತ್ತತೈತಿ, ನಾ ಏನ ಮಾಡ್ಲಿ?

ನಾನು ಏಕಸಂಬಿಯಾಕಿ. ವಯಸ್ಸು ಅರವತ್ತೆರಡು, ಸಿಟ್ಟು ಇನ್ನೂ ಇಪ್ಪತ್ತೆರಡರಾಗ ಐತಿ. ಜೈನರ ಮನಿ ನಮ್ಮದು, ಹೊತ್ತು ಮುಳುಗೂದರಾಗ ಊಟ ಮುಗಸ್ತೇವಿ. ಹಿಂಗಾಗಿ ಸಂಜೀಕ ಉಳದವರ ಬಾಯಿ ತಿನ್ನಾಕತ್ತಿರತಾವ, ನನ್ನದು ಮಾತಾಡಾಕತ್ತಿರತೈತಿ. ನಮ್ಮ ಯಜಮಾನ್ರು ಶಾಂತಿನಾಥ ಅಂತ. ಗಂಡನ ಹೆಸರ ಹಿಡದು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗತೈತಿ ಅಂತಿದ್ರು ನಮ್ಮತ್ತಿ. ನಲವತ್ತ ವರ್ಷ ಆತು ನಾ ಹೇಳಾಕತ್ತು, ಹೊಲದ ಕಬ್ಬ ಬಿಟ್ಟ ಬ್ಯಾರೆ ಮಾತ ಆಡದ ಅವರು ಆ ಕಬ್ಬಿನಂಗ ಗಟ್ಟಿ ನಿಂತಾರ. ಹೆಸರಿನಿಂದ ಯಾರಿಗೂ ಏನೂ ಆಗೂದಿಲ್ಲ. ಇದನ್ನ ನಾ ಯಾಕ ಹೇಳಾಕತ್ತೇನಿ ಅನ್ನೂದು ಮುಂದ ಗೊತ್ತ ಆಗತೈತಿ.

ಇದು ಗ್ವಾಡಿ ಆ ಕಡಿ ಇರೂ ಅರ್ಶಿಯಾನ ಕತಿ. ಗುಡುಸಾಬ, ಕಮರುನ್ನಿಸಾ ಇವರ ಮಗಳು. ಇಪ್ಪತ್ಮೂರ ವರ್ಷದಾಕಿ. ಹುಟ್ಟಿದಾಗ ಗಂಡ ಮಗು ಅಂತ ಬರಿಸಿದ್ರು, ಗಂಡ ಹೆಸರ ಇಟ್ಟಿದ್ರು. ಆ ಹೆಸರ ನಾ ಹೇಳೂದಿಲ್ಲ, ಆಕಿ ಹೇಳಬ್ಯಾಡ್ರಿ ಅಂದಾಳ. ಬಾಯಿ ತಪ್ಪಿ ಹೇಳಿದ್ರ ದಂಡ ಐತಿ, ಒಂದ ಶೇಂಗಾ ಉಂಡಿ ಕೊಡಬೇಕು. ಮೊದಲನೇ ತಿಂಗಳ ನಾ ಹದಿನೇಳು ಉಂಡಿ ಕೊಟ್ಟೇನಿ. ಆಕಿ ಕಡೀಕ, "ಕಾಕು, ನೀವು ಬೇಕಂತ ತಪ್ಪತೀರೋ, ನನ್ನ ದಪ್ಪ ಮಾಡಬೇಕಂತ ತಪ್ಪತೀರೋ?" ಅಂದ್ಲು. ಆಮ್ಯಾಲ ನನ್ನ ಬಾಯಿ ಸುದ್ದ ಆತು. ಉಂಡಿ ಮಾತ್ರ ಈಗೂ ಒಯ್ದು ಕೊಡ್ತೇನಿ, ಚಟ ಹತ್ತೈತಿ.

ಹನ್ನೊಂದ ವರ್ಷ ಇದ್ದಾಗ ಆಕಿಗೆ ಸಂಧಿವಾತ ಬಂತು. ಮೊದಲ ಜ್ವರ, ಆಮ್ಯಾಲ ಮೊಣಕಾಲು ಉಬ್ಬಿದ್ವು, ಆಮ್ಯಾಲ ಕೈ ಬೆರಳಿನ ಗಂಟೆಲ್ಲಾ. ಮುದುಕರ ಬ್ಯಾನಿ ಇಷ್ಟ ಸಣ್ಣ ಕೂಸಿಗೆ ಹೆಂಗ ಬಂತು ಅಂತ ಊರೆಲ್ಲಾ ಬಂದು ನೋಡಿ ಹೋತು. ಮಿರಜ ಊರಿನ ಡಾಕ್ಟರ, ಸಣ್ಣ ಮಕ್ಕಳಿಗೂ ಬರತೈತಿ, ಹೋಗೂ ಬ್ಯಾನಿ ಅಲ್ಲ, ಸಂಭಾಳಿಸಿಕೊಂಡ ಹೋಗೂ ಬ್ಯಾನಿ ಅಂದ್ರು. ಈಗ ಕೋಲ ಹಿಡದ ನಡೀತಾಳ. ನೆಲದ ಮ್ಯಾಲ ಕುಂಡ್ರಾಕ ಬರೂದಿಲ್ಲ. ಎಡಗೈ ಎರಡ ಬೆರಳು ಹೊರಳಿ ನಿಂತಾವ. ವಾರಕ್ಕೊಮ್ಮಿ ರವಿವಾರ ಒಂದ ಗುಳಗಿ ಐತಿ, ಅದನ್ನ ನುಂಗಿದ್ರ ಸೋಮವಾರ ದಿನಪೂರ್ತಿ ಹೊಟ್ಟಿ ತೊಳಸ್ತೈತಿ. ಸೋಮವಾರ ಆಕಿ ಜೋಡಿ ನಾನೂ ಜಗಳ ಮಾಡೂದಿಲ್ಲ. ಮಂಗಳವಾರ ಎಲ್ಲಾ ಕೂಡಿಸಿ ಮಾಡ್ತೇನಿ.

ನಾ ಒಮ್ಮಿ ಮೊಣಕಾಲ ಹಿಡಕೊಂಡು "ಅಯ್ಯಯ್ಯೋ" ಅಂತ ಕುಂತಿದ್ದೆ. ಆಕಿ ಕೋಲ ಊರಕೊಂಡ ಬಂದು ನಿಂತು, "ಕಾಕು, ನಿಮ್ಮ ಮೊಣಕಾಲಿಗೆ ವಯಸ್ಸ ಜಾಸ್ತಿ, ಖರೆ. ಆದ್ರ ಬ್ಯಾನ್ಯಾಗ ನಾನ ಸೀನಿಯರ್. ಏನರ ಕೇಳೂದಿದ್ರ ಕೇಳ್ರಿ" ಅಂದ್ಲು. ಇಂಥಾಕಿ ಮುಂದ ಅಳೂದರ ಹೆಂಗ?

ಹತ್ತೊಂಬತ್ತ ತುಂಬಿದಾಗ ಆಕಿ ತನ್ನ ಹೆಸರ ಹೇಳಿದ್ಲು. ಅದೂ ಮನ್ಯಾಗಲ್ಲ, ಮಿರಜದ ದವಾಖಾನ್ಯಾಗ. ಹೊಸಾ ಡಾಕ್ಟರ ಇದ್ರಂತ, "ನಿನ್ನ ಹೆಸರೇನು?" ಅಂತ ಕೇಳ್ಯಾರ. ಆಕಿ "ಅರ್ಶಿಯಾ" ಅಂದಾಳ. ಗುಡುಸಾಬ ಫಾಯಿಲ ಹಿಡಕೊಂಡ ಪಕ್ಕದಾಗ ನಿಂತಾನ, ಫಾಯಿಲ ಮ್ಯಾಲ ಬ್ಯಾರೇನ ಹೆಸರು. ಡಾಕ್ಟರ ಫಾಯಿಲ ನೋಡಿದ್ರಂತ, ಆಕೀನ ನೋಡಿದ್ರಂತ, ಗುಡುಸಾಬನ್ನ ನೋಡಿದ್ರಂತ. ಗುಡುಸಾಬ ಫಾಯಿಲ ಮುಚ್ಚಿ, "ಗುಳಗಿ ಬರದ ಕೊಡ್ರಿ ಸಾಹೇಬ್ರ" ಅಂದನಂತ.

ಅಷ್ಟ. ಬೈಲಿಲ್ಲ, ಹೊಡೀಲಿಲ್ಲ, ಮನಿಂದ ಹೊರಗ ಹಾಕಲಿಲ್ಲ. ಆದ್ರ ಅವತ್ತಿನಿಂದ ಆಕೀನ ಹೆಸರ ಹಿಡದ ಕರಿಯೂದ ಬಿಟ್ಟ. ಹಳೇ ಹೆಸರೂ ಇಲ್ಲ, ಹೊಸಾ ಹೆಸರೂ ಇಲ್ಲ. "ಏ, ಇಲ್ಲಿ ನೋಡ." "ಗುಳಗಿ ಆತೇನ?" "ಕೋಲ ಎಲ್ಲೈತಿ?" ಮನ್ಯಾಗ ಕೋಲಿಗೂ ಗುಳಗಿಗೂ ಹೆಸರ ಇತ್ತು, ಆ ಹುಡುಗಿಗೆ ಇರಲಿಲ್ಲ. ನಾಕ ವರ್ಷ ಹಂಗ ನಡೀತು.

ಕಮರುನ್ನಿಸಾ ಲಗೂ ತಿಳಕೊಂಡ್ಲು. ಒಂದ ವಾರ ಅತ್ಲು, ಎಂಟನೇ ದಿನ ತನ್ನ ಹಳದಿ ಸಲವಾರ ಸೂಟ ಕತ್ತರಿಸಿ ಮಗಳಿಗೆ ಹೊಲದ ಕೊಟ್ಲು. ಆಕಿಗೆ ಬೆರಳ ಮಡಚೂದಿಲ್ಲ, ಗಡ್ಡ ತಗೊಳ್ಳೂ ಮಿಶನ್ನ ಕೈಯಾಗ ನಿಲ್ಲೂದಿಲ್ಲ ಅಂತ ಅದರ ಹಿಡಿಕೀಗೆ ಹಳೇ ಸೀರಿ ತುಂಡು ದಪ್ಪಗ ಸುತ್ತಿ ಕೊಟ್ಲು. ಅವ್ವಂದು ಅಂದ್ರ ಅಷ್ಟ, ಮೊದಲ ಅಳೂದು, ಆಮ್ಯಾಲ ಹೊಲಿಗಿ ಹಾಕೂದು.

ಸರಕಾರದ ಕಾಗದಪತ್ರದಾಗ ಆಕಿ ಇನ್ನೂ ಅರ್ಧಾ ಅಲ್ಲಿ, ಅರ್ಧಾ ಇಲ್ಲಿ. ಆಧಾರದಾಗ ಅರ್ಶಿಯಾ ಆಗ್ಯಾಳ. ಅಂಗವಿಕಲರ ಪಾಸಿನ್ಯಾಗ ಹಳೇ ಹೆಸರು, ಹಳೇ ಫೋಟೋ. ಒಂದ ಸಲ ಚಿಕ್ಕೋಡಿಗೆ ಹೋಗೂಮುಂದ ನಾನೂ ಜೋಡಿ ಇದ್ದೆ. ಕಂಡಕ್ಟರ ಎರಡೂ ಕಾರ್ಡ ಹಿಡಕೊಂಡು ತಲಿ ತುರಿಸ್ಕೊಂಡ. ಪಾಪ, ಒಳ್ಳೆ ಮನಶಾ ಅಂವ.

"ಇದರಾಗ ಗಂಡಸು, ಅದರಾಗ ಹೆಂಗಸು. ನಾ ಈಗ ಯಾರನ್ನ ಹತ್ತಿಸಿಕೊಳ್ಳಲಿ ಬೇ?"

"ಇಬ್ಬರನ್ನೂ ಹತ್ತಿಸಿಕೊಳ್ರಿ ಅಣ್ಣಾರ," ಅಂದ್ಲು ಅರ್ಶಿಯಾ. "ಒಂದ ಸೀಟ ಸಾಕು ನಮಗ."

ಬಸ್ಸಿಗೆ ಬಸ್ಸ ನಕ್ಕಿತು. ಕಂಡಕ್ಟರ ತಾನೂ ನಕ್ಕು, ಮುಂದಿನ ಸೀಟಿನ್ಯಾಗ ಕುಂತಿದ್ದ ದಾಂಡಿಗನ್ನ ಎಬ್ಬಿಸಿ ಆಕೀನ ಕುಂಡ್ರಿಸಿದ. ಹಿಂದಿನ ಸೀಟಿನಾಕಿ ಒಬ್ಬಾಕಿ, "ನಿಮ್ಮಂಥಾವರು ಲಗ್ನದಾಗ ಬಂದು ಚಪ್ಪಾಳಿ ತಟ್ಟಿ ಹರಸ್ತಾರಲ್ಲ, ನಮ್ಮ ಮಗಳ ಲಗ್ನಕ್ಕ ಬರ್ತಿಯೇನ?" ಅಂತ ಕೇಳಿದ್ಲು. ನನಗ ಸಿಟ್ಟ ನೆತ್ತಿಗೇರಿತು. ಅರ್ಶಿಯಾ ನನ್ನ ಮಣಿಕಟ್ಟ ಹಿಡದು ಕುಂಡ್ರಿಸಿ, ತನ್ನ ಎರಡೂ ಕೈ ಎತ್ತಿ ತೋರಿಸಿದ್ಲು. "ಅವ್ವಾರ, ಈ ಕೈ ಒಂದಕ್ಕೊಂದು ಸರಿಯಾಗಿ ಕೂಡೂದ ಇಲ್ಲ. ಚಪ್ಪಾಳಿ ತಟ್ಟಿದ್ರ ನಾ ಅಳಬೇಕಾಗತೈತಿ, ಮಗಳಿಗೆ ಅಪಶಕುನ" ಅಂದ್ಲು. ಇಳಿಯೂಮುಂದ ಆ ಹೆಂಗಸ ತಾನ ಅರ್ಶಿಯಾನ ಕೋಲ ಹಿಡದು ಆಕೀನ ಇಳಿಸಿದ್ಲು.

ಈಗ ಗುಡುಸಾಬನ ಕೆಲಸದ ಮಾತ ಹೇಳಬೇಕು. ಅಂವ ಬಳಿಗಾರ. ಅವನ ಅಪ್ಪನೂ ಬಳಿಗಾರ, ಅಜ್ಜನೂ ಬಳಿಗಾರ. ಏಕಸಂಬಿ ಬಜಾರದಾಗ ಸಣ್ಣ ಅಂಗಡಿ ಐತಿ, ಕುಬಸ, ಲಗ್ನ ಇದ್ರ ಪೆಟ್ಟಿಗಿ ಹೊತ್ತು ಮನಿಗೆ ಬರ್ತಾನ. ಅಳತಿ ತಗಿಯೂ ಸಾಮಾನ ಏನೂ ಇಲ್ಲ ಅವನ ಹಂತ್ಯಾಕ. ಹೆಬ್ಬೆರಳಿನ ಬುಡಕ್ಕ ಒಂದ ಸಲ ಒತ್ತಿ ನೋಡಿದ್ರ ಮುಗೀತು, "ಎರಡು-ನಾಕು", "ಎರಡು-ಆರು" ಅಂತ ನಂಬರ ಬಾಯಿ ಬಿಟ್ಟ ಹೇಳ್ತಾನ. ಎರಡು-ನಾಕು ಅಂದ್ರ ಸಣ್ಣ ಕೈ, ಎರಡು-ಎಂಟು ಅಂದ್ರ ದಪ್ಪ ಕೈ, ಎರಡು-ಹತ್ತು ಅಂದ್ರ ಅದಕ್ಕಿಂತಾ ದಪ್ಪ. ಲಗ್ನದಾಗ ನಂದು ಎರಡು-ನಾಕು ಇತ್ತು. ಈಗಿಂದು ಹೇಳೂದಿಲ್ಲ. ಅಂವ ಹೇಳ್ತಾನ, ಓಣಿಗೆಲ್ಲಾ ಕೇಳೂವಂಗ.

ಅವನ ಕೆಲಸಕ್ಕ ಎರಡ ನೇಮ ಅದಾವ. ಅಪ್ಪ ಕಲಿಸಿದ್ದಂತ. ಒಂದು, ಸಾಲಿನ್ಯಾಗ ಕುಂತಾಕಿ ಕೈ ಮುಂದ ಮಾಡಿದ್ರ ಆ ಕೈ ಬಿಟ್ಟ ಮುಂದ ಹೋಗಬಾರದು. ಆಕಿ ಯಾರರ ಇರಲಿ. ಇನ್ನೊಂದು, ಬಳಿ ಇಡೂವಾಗ ಆಕೀನ "ಮಗಳ" ಅನ್ನಬೇಕು. ಕಡೀ ಬಳಿ ಏರಿದ ಮ್ಯಾಲ "ಆತ ಮಗಳ" ಅಂತ ಕೈ ಬಿಡಬೇಕು. ಅಂವಗಿಂತ ಮೂರ ವರ್ಷ ದೊಡ್ಡಾಕಿ ನಾನು. ಬಳಿ ಇಡೂಮುಂದ "ಮಗಳ", ಇಟ್ಟ ಮ್ಯಾಲ "ತಾರಕ್ಕಾ". ಏಕಸಂಬ್ಯಾಗ ಅಂವ ಮಗಳ ಅನ್ನದ ಹೆಣ್ಣ ಹುಡುಕಿದ್ರ ಒಬ್ಬಾಕಿನ ಸಿಗ್ತಿದ್ಲು, ಅವನ ಮನ್ಯಾಗ.

ಅರ್ಶಿಯಾ ದಿನಾ ಅಂಗಡ್ಯಾಗ ಕುಂಡ್ರತಾಳ. ಮೊದಲ ಬಳಿ ಅಳತಿ ಪ್ರಕಾರ ಹಗ್ಗಕ್ಕ ಪೋಣಿಸಿ ಇಡ್ತಿದ್ಲು. ಆಮ್ಯಾಲ ವಯಸ್ಸಾದವರು ಬಂದ್ರ ತಾನ ಬಳಿ ಇಡಾಕ ಸುರು ಮಾಡಿದ್ಲು. ಗಂಟ ಉಬ್ಬಿದ ಮುದುಕೇರ ಕೈಗೆ ಬಳಿ ಏರಿಸೂದು ಅಂದ್ರ ಹುಡುಗಾಟ ಅಲ್ಲ, ಗುಡುಸಾಬನೂ ಬೆವರತಾನ. ಆಕಿ ಹಾಲಿನ ಪಾಕೀಟಿನ ತೆಳ್ಳನ ಚೀಲ ಕೈಗೆ ಹಾಕಿ, ಅದರ ಮ್ಯಾಲಿಂದ ಜಾರಿಸ್ತಾಳ. ಯಾವ ಗಂಟ ನೋಯತೈತಿ ಅಂತ ಕೇಳೂದ ಇಲ್ಲ, ಮುಟ್ಟಿದ ಕೂಡಲೇ ತಿಳೀತೈತಿ. ಯಡೂರಿಂದ, ಕರೋಶಿಂದ ಮುದುಕೇರು "ಆ ಕೋಲಿನ ಹುಡುಗಿ ಅದಾಳೇನು?" ಅಂತ ಕೇಳಿಕೊಂಡ ಬರ್ತಾರ. ಸೋಮವಾರ ಬಂದವರಿಗೆ ಮಂಗಳವಾರ ಬರ್ರಿ ಅಂತಾಳ.

ಅಷ್ಟ ಮಂದಿಗೆ ಬಳಿ ಇಡ್ತಾಳ, ತನ್ನ ಕೈ ಬರಿಗೈ. ನನಗ ತಡೀಲಿಲ್ಲ. ಒಂದ ದಿನ ಕೇಳೇ ಬಿಟ್ಟೆ. "ಏನ ಬೇ, ಸಾವಿರಾರು ಬಳಿ ನಡುವ ಕುಂತಿ, ಒಂದ ಡಜನ್ ಹಾಕ್ಕೊಳ್ಳಾಕ ಏನ ದಾಡಿ?"

ಆಕಿ ಪೋಣಿಸೂ ಹಗ್ಗ ಕೆಳಗ ಇಟ್ಲು. "ನಾನ ಏರಿಸಿಕೊಂಡ್ರ ಅದು ಬರೇ ಗಾಜ ಕಾಕು. ನಮ್ಮ ಅಬ್ಬಾ ಇಡಬೇಕು. ಊರ ಮಂದಿಗೆಲ್ಲಾ ಇಡ್ತಾನ, ಎಲ್ಲಾರಿಗೂ ಮಗಳ ಅಂತಾನ. ನಾ ಎದರಿಗೆ ಕುಂತ ಕೇಳ್ತಿರ್ತೇನಿ, ದಿನಾ." ಆಮ್ಯಾಲ ನಕ್ಕು, "ಹೋಗ್ಲಿ ಬಿಡ್ರಿ, ನನ್ನ ಕೈಗೆ ಆಗೂ ಬಳಿನ ಫಿರೋಜಾಬಾದದಾಗ ಮಾಡಿಲ್ಲ" ಅಂದ್ಲು. ನಕ್ಕಿದ್ದು ನನಗ ತಿಳೀತು, ಅದು ಚಾಷ್ಟಿ ನಗಿ ಅಲ್ಲ.

ಅವತ್ತ ಸಂಜೀಕ ಗುಡುಸಾಬನ್ನ ಕಟ್ಟಿ ಮ್ಯಾಲ ಹಿಡದು ಝಾಡಿಸಿದೆ. "ತಾರಕ್ಕಾ, ಬ್ಯಾನಿ ಅಂದ್ರ ನನಗ ತಿಳೀತೈತಿ. ಅದಕ್ಕ ಗುಳಗಿ ಐತಿ, ಬಿಸಿನೀರ ಐತಿ. ಇದಕ್ಕ ನಾ ಏನ ಮಾಡ್ಲಿ? ನಾ ಇರೂತನಕ ಇರ್ತೇನಿ. ಮಂದಿ ನಕ್ಕರ, ನಾಳೆ ಯಾರರ ಕೈ ಮಾಡಿದ್ರ, ಓಡಿ ಹೋಗಾಕೂ ಕಾಲಿಲ್ಲ ಆ..." ಅಂದು ಅಲ್ಲೇ ತಡವರಿಸಿದ. ಆ ಹುಡುಗ ಅನ್ನಬೇಕೋ, ಆ ಹುಡುಗಿ ಅನ್ನಬೇಕೋ, ಬಾಯಾಗ ಏನೂ ಬರಲಿಲ್ಲ.

"ನೀ ಏನೂ ಮಾಡಬ್ಯಾಡ. ಒಂದ ಡಜನ್ ಬಳಿ ಇಡು" ಅಂದೆ ನಾನು. ಎದ್ದು ಒಳಗ ಹೋದ. ಮೂರ ದಿನ ನನ್ನ ಜೋಡಿ ಮಾತಿಲ್ಲ.

ಆದ್ರ ಆ ಮೂರ ದಿನಾನೂ ಮುಂಜಾನೆ ಆರಕ್ಕ ಗ್ವಾಡಿ ಆ ಕಡಿ ಬೋಗಣ್ಯಾಗ ಬಿಸಿನೀರ ಸುರುವೂ ಸಪ್ಪಳ ತಪ್ಪಲಿಲ್ಲ. ಮುಂಜಾನೆ ಆಕಿ ಬೆರಳು ಬಿಗದಿರ್ತಾವ. ಹನ್ನೆರಡ ವರ್ಷದಿಂದ ಗುಡುಸಾಬ ದಿನಾ ಆಕಿ ಕೈ ಬಿಸಿನೀರಿನ್ಯಾಗ ಹಿಡದು ಒಂದೊಂದ ಬೆರಳ ಬಿಡಿಸ್ತಾನ. ನಮಾಜ ಮುಗಿಸಿ ಬಂದು ಸುರು ಮಾಡಿದ್ರ ಈ ಕೆಲಸ ಮುಗಿಸಾಕ ಅಂವಗ ಒಂದ ತಾಸ ಹಿಡೀತೈತಿ. ಮಾತಿಲ್ಲ, ಕತಿ ಇಲ್ಲ, ಬರೇ ನೀರಿನ ಸಪ್ಪಳ. ಇಂಥಾ ಅಪ್ಪನ್ನ ಪೂರ್ತಿ ಬೈಯಾಕೂ ಬರೂದಿಲ್ಲ, ಅದ ನನಗ ಸಂಕಟ.

ಅಷ್ಟರಾಗ ನಮ್ಮ ಸೊಸಿ ಬ್ರಾಹ್ಮಿ ಬಸರಾದ್ಲು. ಏಳರಾಗ ಕುಬಸ ಮಾಡೂದು ಅಂತ ಠರಾವ ಆತು. ಕುಬಸ ಅಂದ್ರ ಬಸರಿಗೆ ಹಸರ ಸೀರಿ, ಹಸರ ಬಳಿ, ಮತ್ತ ಬಂದ ಹೆಣ್ಮಕ್ಕಳಿಗೆಲ್ಲಾ ಸಾಲಾಗಿ ಕುಂಡ್ರಿಸಿ ಬಳಿ. ಸಾಲು ಅಂದ ಕೂಡಲೇ ನನ್ನ ತಲ್ಯಾಗ ದೀಪ ಹತ್ತಿತು. ಸಾಲಿನ್ಯಾಗ ಮುಂದ ಮಾಡಿದ ಕೈ ಬಿಡೂವಂಗಿಲ್ಲ ಅಂವ. ಅರ್ಶಿಯಾನ ಸಾಲಿನ್ಯಾಗ ಕುಂಡ್ರಿಸಿದ್ರ ಎಲ್ಲಿಗೆ ಹೋಗ್ತಾನ?

ಆಕಿಗೆ ಹೇಳಿದೆ. ಆಕಿ ಕೋಲಿನ ತುದೀಲೆ ನೆಲದ ಮ್ಯಾಲ ಒಂದ ಗೀಟ ಎಳದ್ಲು. "ಬರ್ತೇನಿ ಕಾಕು. ಆದ್ರ ಒಂದ ಮಾತು. ಅಷ್ಟ ಮಂದಿ ಮುಂದ ಅಬ್ಬಾ ನನ್ನ ಕೈ ಬಿಟ್ಟ ಮುಂದ ಹೋದ್ರ, ಈ ಜನ್ಮದಾಗ ಮತ್ತ ಕೇಳೂದಿಲ್ಲ. ಅಂಗಡ್ಯಾಗ ಕುಂಡ್ರೂದೂ ಇಲ್ಲ. ಅಥಣ್ಯಾಗ ನನ್ನಂಥಾವರಿಗೆ ಜಾಗಾ ಕೊಡೂ ಫರಹೀನ ಅಕ್ಕನ ಮನಿಗೆ ಹೋಗ್ತೇನಿ."

ಆವಾಗ ನನಗ ಸ್ವಲ್ಪ ಅಂಜಿಕಿ ಬಂತು. ತೋರಿಸಲಿಲ್ಲ.

ಕಾರ್ಯ ಸಂಜಿ ನಾಕಕ್ಕ ಅಂತ ಇತ್ತು. ಎರಡ ದಿನ ಮೊದಲ ರಾಯಬಾಗದಿಂದ ಬೀಗತಿ, ಅಂದ್ರ ಬ್ರಾಹ್ಮಿ ಅವ್ವ, ಫೋನ ಮಾಡಿದ್ಲು. "ನಾಕಕ್ಕ ಸುರು ಮಾಡಿದ್ರ ಹೊತ್ತು ಮುಳುಗೂದರಾಗ ಅಷ್ಟ ಮಂದೀದು ಊಟ ಹೆಂಗ ಆಗತೈತ್ರಿ? ಮುಂಜಾನೆ ಎಂಟಕ್ಕ ಇಡ್ರಿ" ಅಂದ್ಲು. ಖರೇ ಮಾತು, ಕತ್ತಲಾದ ಮ್ಯಾಲ ನಮ್ಮವರು ಒಬ್ಬರೂ ತುತ್ತ ಮುಟ್ಟೂದಿಲ್ಲ. "ಹೂಂ, ಎಂಟಕ್ಕ ಇಡೂಣ್ರಿ" ಅಂತ ಹೇಳಿ ಫೋನ ಇಟ್ಟು, ಗ್ವಾಡಿ ಕಡಿ ಮುಖಾ ಮಾಡಿ ಅರ್ಶಿಯಾಗ ಒದರಿ ಹೇಳಿದೆ.

ಆ ಕಡಿ ಕೋಲ ಗ್ವಾಡಿ ತನಕ ಬಂದ ಸಪ್ಪಳ ಆತು. ಆಮ್ಯಾಲ, "ಕಾಕು, ಎಂಟಕ್ಕ ನನ್ನ ಕೈ ಇನ್ನೂ ಎದ್ದಿರೂದಿಲ್ಲರಿ" ಅಂದ್ಲು.

ಹಣಿ ಹಣಿ ಬಡಕೊಂಡೆ. ಹನ್ನೆರಡ ವರ್ಷ ಆ ನೀರಿನ ಸಪ್ಪಳ ಕೇಳಿದಾಕಿ ನಾನು, ಮುಂಜಾನೆ ಆಕಿ ಕೈ ಬಳಿ ಏರೂ ಕೈ ಅಲ್ಲ ಅಂತ ನನಗ ತಿಳೀಬೇಕಿತ್ತೋ ಇಲ್ಲೋ? ಸಂಜಿ ಆಗಿದ್ರ ಬೆರಳ ಸಡಲ ಇರ್ತಿದ್ವು. ಆದ್ರ ಅಷ್ಟೊತ್ತಿಗೆ ಬೀಗತಿ ಅರ್ಧಾ ರಾಯಬಾಗಕ್ಕ ಎಂಟ ಗಂಟೆ ಅಂತ ಹೇಳಿ ಆಗಿತ್ತು.

ಕುಬಸದ ದಿನ ಬಂತು. ಥಂಡಿ ಬ್ಯಾರೆ. ಪಡಸಾಲ್ಯಾಗ ಜಮಖಾನಿ ಹಾಸಿ ಹನ್ನೊಂದ ಮಂದಿ ಹೆಣ್ಮಕ್ಕಳು ಸಾಲಾಗಿ ಕುಂತ್ರು. ಅರ್ಶಿಯಾಗ ನೆಲಕ್ಕ ಕುಂಡ್ರಾಕ ಬರೂದಿಲ್ಲ, ಸಾಲಿನ ಕಡೀಕ ಪ್ಲಾಸ್ಟಿಕ ಕುರ್ಚಿ ಹಾಕಿದೆ. ಆಕಿ ಅವ್ವನ ಹಳದಿ ಸೂಟ ಹಾಕ್ಕೊಂಡು, ಎರಡೂ ಕೈ ಓಢಣಿ ಒಳಗ ಮುಚ್ಚಿಕೊಂಡು ಕುಂತ್ಲು. ಎಲ್ಲಾರೂ ಕೆಳಗ, ಆಕಿ ಒಬ್ಬಾಕಿ ಮ್ಯಾಲ. ಮುಚ್ಚಿಡೂಣ ಅಂದ್ರೂ ಮುಚ್ಚೂವಂಗಿರಲಿಲ್ಲ. ಕಮರುನ್ನಿಸಾ ಅಡಗಿಮನಿ ಬಾಗಲಾಗ ಸೆರಗ ಕಚ್ಚಿಕೊಂಡ ನಿಂತಿದ್ಲು.

ಗುಡುಸಾಬ ಪೆಟ್ಟಿಗಿ ತಗೊಂಡ ಬಂದ. ಕುರ್ಚಿ ಕಡಿ ಒಂದ ಸಲ ನೋಡಿದ, ನನ್ನ ಕಡಿ ಒಂದ ಸಲ ನೋಡಿದ. ನಾ ಹೂವಿನ ತಾಟ ನೋಡಿದೆ.

ಮೊದಲ ಬ್ರಾಹ್ಮಿ. "ಎರಡು-ನಾಕ ಇತ್ತು, ಬಸರಾಗಿ ಎರಡು-ಆರ ಆಗೈತಿ. ಆತ ಮಗಳ." ಆಮ್ಯಾಲ ಬೀಗತಿ. ಆಕಿ ಕೈ ಒತ್ತಿ, ಸ್ವಲ್ಪ ತಡದು, "ಎರಡು-ಹತ್ತು" ಅಂದ. ಬೀಗತಿ ಮುಖಾ ಕೆಂಪ ಆತು. ನನಗ ಪಾಪ ಬರ್ತೈತಿ, ಆದ್ರ ಖುಷಿ ಆತು. ಆಕಿ ಆ ಸಿಟ್ಟಿನ್ಯಾಗ ಬಗ್ಗಿ ನನ್ನ ಕಿವ್ಯಾಗ, "ಆ ಕುರ್ಚ್ಯಾಗ ಕುಂತಾಕಿ ಯಾರ್ರಿ?" ಅಂತ ಕೇಳಿದ್ಲು.

ನನಗ ಸಣ್ಣ ದನಿನ ಇಲ್ಲ. "ಗುಡುಸಾಬನ ಮಗಳು!" ಅಂದೆ.

ಅವನ ಕೈಯಾಗಿನ ಬಳಿ ಟಪ್ ಅಂತ ಒಡೀತು. ನಲವತ್ತ ವರ್ಷದಾಗ ಅವನ ಕೈಯಾಗ ಬಳಿ ಒಡದದ್ದ ನಾ ನೋಡಿರಲಿಲ್ಲ. ಚೂರ ಆರಿಸಿ ಅಂಗಿ ಕಿಸೆದಾಗ ಹಾಕ್ಕೊಂಡು ಮುಂದಿನಾಕಿ ಕೈ ಹಿಡದ. ಒಬ್ಬೊಬ್ಬರದ ಮುಗಿಸಿಕೋತ ಬಂದ. ಹನ್ನೊಂದನೇದಾಕಿ ನಾನು. ನನ್ನ ಅಳತಿ ಮೊದಲನೇ ಸಲ ಬಾಯಿ ಬಿಟ್ಟ ಹೇಳಲಿಲ್ಲ, ಅದರ ಮ್ಯಾಲ ನನಗ ಗೊತ್ತಾತು ಅಂವಗ ಧ್ಯಾನ ಇಲ್ಲ ಅಂತ.

ಆಮ್ಯಾಲ ಕುರ್ಚಿ.

ಅರ್ಶಿಯಾ ಓಢಣಿಯಿಂದ ಕೈ ತಗದ್ಲು. ಗಂಟೆಲ್ಲಾ ಕೆಂಪಗ ಉಬ್ಬಿದ್ವು. ಮುಂದ ಮಾಡಿದ್ಲು, ಮತ್ತ ಅರ್ಧಕ್ಕ ಹಿಂದ ತಗೊಂಡ್ಲು. "ಅಬ್ಬಾ, ಇವತ್ತ ಭಾಳ ಉಬ್ಯಾವ. ಏರೂದಿಲ್ಲ, ಒಡೀತಾವ. ಬ್ಯಾಡಂದ್ರ ಬ್ಯಾಡ, ಇರ್ಲಿ" ಅಂದ್ಲು. ಹುಚ್ಚಿ, ತಪ್ಪಿಸಿಕೊಳ್ಳಾಕ ತಾನ ಬಾಗಲಾ ತಗದ ಕೊಟ್ಲು ಅವನಿಗೆ. ಪೆಟ್ಟಿಗಿ ಮುಚ್ಚಿ ಎದ್ದು ಹೋಗಿದ್ರ ಯಾರೂ ಏನೂ ಅನ್ನೂವಂಗಿರಲಿಲ್ಲ.

ಗುಡುಸಾಬ ಪೆಟ್ಟಿಗ್ಯಾಗ ಕೈ ಹಾಕಿದ. ಆಕಿ ಕೈ ಒತ್ತಿ ನೋಡಲಿಲ್ಲ, ಮುಟ್ಟಲೂ ಇಲ್ಲ. ದೂರಿಂದ ನೋಡಿ, "ಎರಡು-ಎಂಟು" ಅಂದ.

ಬೀಗತಿ ತನ್ನ ಬಳಿ ನೋಡಿಕೊಳ್ಳೂದ ಬಿಟ್ಟು ತಲಿ ಎತ್ತಿದ್ಲು.

"ನಿನ್ನೆ ಎರಡು-ಆರ ಇತ್ತು," ಅಂದ ಅಂವ, ಹಗ್ಗ ಬಿಚ್ಚಿಕೋತ, ತನಗ ತಾನ ಹೇಳಿಕೊಂಡಂಗ. "ಶುಕ್ರವಾರ ಎರಡು-ಎಂಟು. ಹೋದ ವರ್ಷ ಥಂಡ್ಯಾಗ ಎರಡು-ಹತ್ತಕ್ಕ ಹೋಗಿತ್ತು, ಎಡಗೈ ಅಷ್ಟ. ಬಲಗೈ ಯಾವಾಗ್ಲೂ ಒಂದ ನಂಬರ ಕಡಿಮಿ. ಮಳಿಗಾಲದಾಗ ಎರಡೂ ಕೂಡಿ ಉಬ್ಬತಾವ."

ಅರ್ಶಿಯಾ ಅವನ ಮುಖಾನ ನೋಡಾಕತ್ತಿದ್ಲು. ನಮಗೆಲ್ಲಾ ತಿಳೀಲಿಕ್ಕೆ ಸ್ವಲ್ಪ ಹೊತ್ತ ಬೇಕಾತು. ದಿನಾ ಮುಂಜಾನೆ ಬಿಸಿನೀರಿನ್ಯಾಗ ಆ ಕೈ ಹಿಡದಾಗೆಲ್ಲಾ ಅಂವ ಅಳತಿ ತಗೊಂಡಿದ್ದ. ದಿನಾ. ಇಡೂದಿಲ್ಲ ಅಂತ ಕುಂತಿದ್ದ ಬಳಿಗೆ, ಮಾತಿಲ್ಲದ ಆ ನಾಕೂ ವರ್ಷ. ನನ್ನ ಕಣ್ಣಾಗ ನೀರ ಬಂತು. ಹೊಗಿ ಹತ್ತಿತು ಅಂದೆ. ಮನ್ಯಾಗ ಗ್ಯಾಸ ಐತಿ ಅಂತ ಎಲ್ಲಾರಿಗೂ ಗೊತ್ತು.

"ತಾರಕ್ಕಾ, ಒಂದ ಬೋಗಣಿ ಬಿಸಿನೀರ ತರ್ರಿ" ಅಂದ.

ತಂದೆ. ಅಂವ ನೆಲಕ್ಕ ಕುಂತು, ಕುರ್ಚಿ ಮುಂದ ಬೋಗಣಿ ಎತ್ತರಕ್ಕ ಹಿಡದು, ಆಕಿ ಕೈ ನೀರಾಗ ಇಟ್ಟ. ಮನ್ಯಾಗ ಮಾಡೂವಂಗ ಒಂದೊಂದ ಬೆರಳ ಬಿಡಿಸಿದ. ಅರ್ಧಾ ತಾಸ ಆತು. ಒಳಗ ಹೋಳಿಗಿ ಆರಾಕತ್ತಿದ್ವು. ಹೊತ್ತಿನ ಸಲುವಾಗಿ ನನ್ನ ಜೀವಾ ತಿಂದಿದ್ದ ಬೀಗತಿ ತಾನ ಎದ್ದು ಬಂದು, ಬೋಗಣಿಯ ಆ ಕಡಿ ತುದಿ ಹಿಡದು, "ಅವಸರ ಏನಿಲ್ಲರಿ, ಸಾವಕಾಶ ಆಗ್ಲಿ" ಅಂದ್ಲು. ಆಮ್ಯಾಲ ಸಣ್ಣ ದನಿಲೆ ಅರ್ಶಿಯಾಗ, "ನನ್ನ ಹೆಬ್ಬೆರಳ ಗಂಟೂ ಮುಂಜಾನೆ ಹಿಂಗ ಬಿಗೀತೈತಿ ನೋಡ ಯವ್ವಾ" ಅಂದ್ಲು. "ಅಂಗಡಿಗೆ ಬರ್ರಿ, ನೋಡೂಣು. ಸೋಮವಾರ ಬಿಟ್ಟು" ಅಂದ್ಲು ನಮ್ಮಾಕಿ.

ಕೈಗೆ ಆರರಂಗ ಹನ್ನೆರಡ ಹಸರ ಬಳಿ. ಎರಡ ಒಡದ್ವು. ಅರ್ಶಿಯಾ ಹಲ್ಲ ಕಚ್ಚಿಕೊಂಡ್ಲು, ಆದ್ರ ಕೈ ಹಿಂದ ತಗೀಲಿಲ್ಲ. ಕಡೀ ಬಳಿ ಗಂಟ ದಾಟಿ ಮಣಿಕಟ್ಟಿಗೆ ಇಳೀತು. ಹನ್ನೊಂದ ಮಂದಿ ಹೆಣ್ಮಕ್ಕಳು ಅವನ ಬಾಯಿ ನೋಡಿದ್ವಿ. ಅಂವ ಬಾಯಿ ತಗದ.

"ಆತ" ಅಂದ. ಕೈ ಬಿಟ್ಟ.

ನನ್ನ ಸಿಟ್ಟ ಎಲ್ಲಿತ್ತೋ ಬಂತು. "ಲೇ ಗುಡುಸಾಬ! ಬರೇ ಆತ ಏನು? ಅರವತ್ತ ದಾಟಿದ ನನಗ ಮಗಳ ಅಂತಿ, ಹಡದ ಕೂಸಿಗೆ..."

"ಕಾಕು, ಬಿಡ್ರಿ," ಅಂದ್ಲು ಅರ್ಶಿಯಾ. ಬಳಿ ಕೈ ಕಿವಿ ಹಂತ್ಯಾಕ ಹಿಡದು ಅಲ್ಲಾಡಿಸಿ ನೋಡಾಕತ್ತಿದ್ಲು, ಸಣ್ಣ ಕೂಸಿನಂಗ. "ಒಂದ ದಿನಕ್ಕ ಇಷ್ಟ ಸಾಕ ಐತಿ. ಅಬ್ಬಾಗೂ ಗಂಟ ಅದಾವ. ಮುಂಜಾನೆ ಬಿಗದಿರ್ತಾವ."

ಗುಡುಸಾಬ ಪೆಟ್ಟಿಗಿ ಎತ್ತಿಕೊಂಡು, ಊಟಾನೂ ಮಾಡದ, ಯಾರ ಮುಖಾನೂ ನೋಡದ ಹೋದ. ಹೋಳಿಗಿ ನಾನ ಕಮರುನ್ನಿಸಾನ ಕೈಯಾಗ ಕಟ್ಟಿ ಕಳಸಿದೆ. ಆಕಿ ನಗಾಕತ್ತಿದ್ಲೋ ಅಳಾಕತ್ತಿದ್ಲೋ ಗೊತ್ತಾಗಲಿಲ್ಲ.

ಮರುದಿನ ಮುಂಜಾನೆ ಆರಕ್ಕ ನಾ ಹಾಲ ಒಲಿ ಮ್ಯಾಲ ಇಟ್ಟೆ. ಈ ಸಲ ಖರೇನ ಕಿವಿ ಹಚ್ಚಿದ್ದೆ, ಸುಳ್ಳ ಯಾಕ ಹೇಳ್ಲಿ. ಆ ಕಡಿ ನೀರ ಸುರುವಿದ ಸಪ್ಪಳ ಆತು. ಆಮ್ಯಾಲ ಬೋಗಣ್ಯಾಗ ಗಾಜಿನ ಸಪ್ಪಳ, ಕಿಣಿ ಕಿಣಿ. ಬಾಳ ಹೊತ್ತ ಅಷ್ಟ. ಒಂದ ಕೈ ಮುಗದಿರಬೇಕು.

"ಆತ ಮಗಳ," ಅಂದ ಗುಡುಸಾಬ. "ಇನ್ನೊಂದ ಕೈ ಕೊಡು."

ಮನ್ಯಾಗ ಅವರು ಮಾತಾಡೂದು ಉರ್ದು. ಹುಟ್ಟಿದಾಗಿಂದ ಉರ್ದು. ಆ ಒಂದ ಮಾತ ಅಂವ ಕನ್ನಡದಾಗ ಅಂದ, ಏಕಸಂಬಿ ಹೆಣ್ಮಕ್ಕಳಿಗೆಲ್ಲಾ ಅಂದಂಗ. ಬಳಿ ಸಪ್ಪಳ ಒಂದ ಸಲ ನಿಂತಿತು, ಮತ್ತ ಸುರು ಆತು.

ನನ್ನ ಹಾಲ ಉಕ್ಕಿ ಒಲಿ ತುಂಬ ಹರೀತು. ಶಾಂತಿನಾಥರು ಒಳಗಿಂದ, "ಏನ ಸೀಯಾಕತ್ತೈತಿ?" ಅಂತ ಕೇಳಿದ್ರು, ಕಬ್ಬ ಬಿಟ್ಟ ಮಾತು, ವರ್ಷಕ್ಕೊಮ್ಮಿ. "ಸುಮ್ಮ ಕುಂಡ್ರ್ರಿ, ಕೇಳ್ಸೂದಿಲ್ಲ ನನಗ" ಅಂದೆ ನಾನು.